ಮೇಲಿರಬೇಕಾದ ಕಂಬಿ

ಶಿಷ್ಯ ಕೇಳಿದ: “ಗುರುಗಳೇ, ಬಾಲ್ಕನಿಗೆ ಎಷ್ಟು ಕಂಬಿ ಬೇಕೆಂದು ಲೆಕ್ಕ ಹಾಕಿದ್ದೇನೆ. ಲೆಕ್ಕ ಸರಿಯಿದೆ ಎಂದು ನೀವೇ ಹೇಳಿದಿರಿ. ಅಷ್ಟೂ ಕಂಬಿ ಕಾಂಕ್ರೀಟಿನೊಳಗೆ ಇದ್ದರೆ ಸಾಲದೇ? ನಾಲ್ಕು ಬೆರಳು ಮೇಲಿದ್ದರೇನು, ಕೆಳಗಿದ್ದರೇನು?”

ಗುರುಗಳು ಪಕ್ಕದಲ್ಲಿದ್ದ ನೀರಿನ ಚೊಂಬನ್ನು ತೋರಿಸಿ, “ಅದನ್ನು ಹಿಡಿದು ಕೈ ಮುಂದಕ್ಕೆ ಚಾಚು” ಎಂದರು. ಶಿಷ್ಯ ಚಾಚಿ ನಿಂತ. ಸ್ವಲ್ಪ ಹೊತ್ತಿಗೆ ಅವನ ತೋಳು ನಡುಗತೊಡಗಿತು.

“ಎಲ್ಲಿ ಎಳೆಯುತ್ತಿದೆ?”

“ಭುಜದ ಮೇಲ್ಭಾಗದಲ್ಲಿ.”

“ಅದೇ ನಿನ್ನ ಬಾಲ್ಕನಿ. ಕಾಂಕ್ರೀಟು ಒತ್ತಿದರೆ ತಡೆದುಕೊಳ್ಳುತ್ತದೆ, ಎಳೆದರೆ ಬಿಟ್ಟುಕೊಡುತ್ತದೆ. ಎಳೆತ ಇರುವ ಕಡೆ ಕಂಬಿ ಇರಬೇಕು. ಎರಡು ಗೋಡೆಗಳ ಮೇಲೆ ಕೂತ ತಾರಸಿಗೆ ಎಳೆತ ತಳದಲ್ಲಿ. ಗೋಡೆಯಿಂದ ಹೊರಕ್ಕೆ ಚಾಚಿದ ಬಾಲ್ಕನಿಗೆ ಎಳೆತ ಮೇಲೆ. ಇದನ್ನು ನೀನು ಬಾಯಿಪಾಠ ಮಾಡಿ ಪಾಸಾಗಿದ್ದೀಯೆ, ಆದರೂ ನನ್ನ ಮುಂದೆ ನಿಂತು ಮೇಲಿದ್ದರೇನು ಕೆಳಗಿದ್ದರೇನು ಎನ್ನುತ್ತೀಯೆ. ಚೊಂಬು ಕೆಳಗಿಡು. ಒಂದು ಕತೆ ಹೇಳುತ್ತೇನೆ.”

ಒಂದು ಊರಿನಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಪೇಟೆ ಬೀದಿಯಲ್ಲಿ ಅವನ ಅಂಗಡಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ತಾಯಿ, ಹೆಂಡತಿ, ಮಕ್ಕಳು. ಆ ಕೋಣೆಗೆ ಕಿಟಕಿ ಇರಲಿಲ್ಲ. ತಾಯಿ ಮದುವೆಯಾಗಿ ಬಂದಂದಿನಿಂದ ಅದರೊಳಗೇ ಬದುಕಿದವಳು. ವ್ಯಾಪಾರ ಕುದುರಿದ ಮೇಲೆ ಅವನು ಅಂಗಡಿಯ ಮೇಲೆ ಮನೆ ಕಟ್ಟಿಸಲು ಹೊರಟ. ನಿನಗೇನು ಬೇಕೆಂದು ತಾಯಿಯನ್ನು ಕೇಳಿದ. ಬೆಳಗಿನ ಬಿಸಿಲಿಗೆ ಕೂತು ಬೀದಿ ನೋಡಲು ಒಂದಿಷ್ಟು ಜಾಗ ಸಾಕು ಎಂದಳು.

ಒಬ್ಬ ಎಂಜಿನಿಯರ್‌ನನ್ನು ಕರೆಸಿದರು. ಚಿಕ್ಕ ವಯಸ್ಸು, ಚುರುಕು ಬುದ್ಧಿ. ಪೂರ್ವಕ್ಕೆ, ಬೀದಿಯ ಮೇಲೆ, ಮುದುಕಿಗೆಂದೇ ಒಂದು ಬಾಲ್ಕನಿ ಬರೆದ. ಲೆಕ್ಕದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಕಂಬಿ ಮೇಲ್ಭಾಗದಲ್ಲಿ ಬರಬೇಕೆಂದು ನಕ್ಷೆಯಲ್ಲಿ ತೋರಿಸಿದ. ಮೇಸ್ತ್ರಿ ಹಾಗೆಯೇ ಕಟ್ಟಿಸಿದ. ಕಂಬಿ ಕೆಳಗೆ ಕೂರದ ಹಾಗೆ ಅಲ್ಲಲ್ಲಿ ಸಣ್ಣ ಕಂಬಿ ಬಗ್ಗಿಸಿ ಕಾಲುಗಳನ್ನೂ ಕೊಡಿಸಿದ. ಎಂಜಿನಿಯರ್ ಬಂದಾಗಲೆಲ್ಲ ಮುದುಕಿ ಮಜ್ಜಿಗೆ ತಂದುಕೊಡುತ್ತಿದ್ದಳು. ಅವನಿಗೂ ಆಕೆಯ ಮೇಲೆ ಅಕ್ಕರೆ ಬೆಳೆಯಿತು.

ತಾರಸಿ ಹಾಕುವ ದಿನ ಬಂತು. ನಮ್ಮ ಕಡೆಯ ಪದ್ಧತಿ ನಿನಗೆ ಗೊತ್ತೇ ಇದೆ. ಪೂಜೆಯಿಲ್ಲದೆ ಒಂದು ಬಾಂಡ್ಲಿ ಕಾಂಕ್ರೀಟೂ ಬೀಳುವುದಿಲ್ಲ. ಪೂಜೆ ಪೂರ್ವದ ಅಂಚಿನಲ್ಲೇ ಆಗಬೇಕೆಂದರು ಪುರೋಹಿತರು. ಪೂರ್ವದ ಅಂಚಿನಲ್ಲಿದ್ದದ್ದು ಬಾಲ್ಕನಿ. ವ್ಯಾಪಾರಿ, ಅವನ ಹೆಂಡತಿ, ಬೀಗರು, ಪುರೋಹಿತರು ಎಲ್ಲರೂ ಹೋಗಿ ಆ ಕಂಬಿಗಳ ಮೇಲೆ ನಿಂತರು. ನಡುವೆ ಮುದುಕಿ. ಕಂಬಿಗೆ ಅರಿಸಿನ ಕುಂಕುಮ ಹಚ್ಚಿದರು, ಹೂವು ಏರಿಸಿದರು, ಕಾಯಿ ಒಡೆದರು. ಅಷ್ಟು ಜನರ ಭಾರಕ್ಕೆ ಕೆಳಗಿನ ಕಾಲುಗಳು ಮಡಚಿಕೊಂಡವು. ಕಂಬಿಗಳು ಕುಸಿದು, ಕಾಂಕ್ರೀಟು ಹಿಡಿಯಲು ಹಾಸಿದ್ದ ತಳದ ಹಲಗೆಗೆ ತಾಗಿದವು.

ಎಂಜಿನಿಯರ್ ಅದನ್ನು ನೋಡಿದ. ನೋಡಲಿಲ್ಲ ಎಂದು ಮಾತ್ರ ತಿಳಿಯಬೇಡ, ಮಗು. ಕಣ್ಣಾರೆ ನೋಡಿದ. ಇಳಿಯಿರಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಮಂತ್ರ ನಡೆಯುತ್ತಿತ್ತು, ಹಿರಿಯರು ಕೈಮುಗಿದು ನಿಂತಿದ್ದರು. ಶುಭಕಾರ್ಯದ ನಡುವೆ ಅಪಶಕುನದ ಮಾತು ಆಡುವುದು ಹೇಗೆ? ಪೂಜೆ ಮುಗಿಯಲಿ, ಆಮೇಲೆ ಎತ್ತಿಸಿದರಾಯಿತು ಎಂದುಕೊಂಡ.

ಪೂಜೆ ಮುಗಿಯಿತು. ಪುರೋಹಿತರು ಅವಸರ ಮಾಡಿದರು. ಮುಹೂರ್ತ ಮೀರುತ್ತಿದೆ, ಮೊದಲ ಬಾಂಡ್ಲಿ ಪೂಜೆಯಾದ ಜಾಗದಲ್ಲೇ ಬೀಳಬೇಕು, ಮನೆಯ ಹಿರಿಯರ ಕೈಯಿಂದಲೇ ಬೀಳಬೇಕು. ಮುದುಕಿ ಬಾಂಡ್ಲಿ ಎತ್ತಿದಳು. ಮಗ ಆಸರೆಗೆ ಹಿಡಿದುಕೊಂಡ. ಆಕೆ ಎಂಜಿನಿಯರ್ ಕಡೆ ತಿರುಗಿದಳು.

“ಹಾಕ್ಲಾ ನಮ್ಮಪ್ಪಾ? ಎಲ್ಲಾ ಸರಿಯಾಗೈತಾ?”

“ಹಾಕಿ ಅಮ್ಮಾ. ಎಲ್ಲಾ ಸರಿಯಾಗಿದೆ” ಎಂದ ಅವನು.

ಆಕೆಯ ಹಿಂದೆಯೇ ಆಳುಗಳು ಸಾಲಾಗಿ ಬಾಂಡ್ಲಿ ಸುರಿದರು. ಊದಿನಕಡ್ಡಿ ಆರುವುದರೊಳಗೆ ಬಾಲ್ಕನಿಯ ಕಂಬಿ ಮುಚ್ಚಿಹೋಯಿತು. ಆಗಲಾದರೂ ತೆಗೆಸಬಹುದಿತ್ತು. ಹಸಿ ಕಾಂಕ್ರೀಟು, ಒಂದು ಸಲಿಕೆ ಸಾಕಿತ್ತು. ಹಿರಿಯ ಜೀವ ಹಾಕಿದ್ದನ್ನು ತೆಗೆಸುವುದೇ ಎಂದು ಹಿಂಜರಿದ ಆ ಮಹಾರಾಯ.

ಕಾಂಕ್ರೀಟು ಗಟ್ಟಿಯಾಗುವಷ್ಟು ದಿನ ಕಳೆದ ಮೇಲೆ ಕೆಳಗಿನ ಆಸರೆಗಳನ್ನು ಬಿಚ್ಚಿದರು. ಅವನಿಗೆ ಜೀವವೇ ಬಾಯಿಗೆ ಬಂದಿತ್ತು. ಬಾಲ್ಕನಿ ಬೀಳಲಿಲ್ಲ. ಗೋಡೆಗೆ ಕೂಡುವಲ್ಲಿ, ಮೇಲುಗಡೆ, ಒಂದು ಸಣ್ಣ ಬಿರುಕು ಮಾತ್ರ ಕಂಡಿತು. ಗಾರೆ ಬಳಿಯಿರಿ ಎಂದ. ಮೇಲೆ ಕಲ್ಲು ಹಾಸಿದರು. ಅಂಚಿಗೆ ಮೋಟುಗೋಡೆ ಕಟ್ಟಿದರು. ಭಾರ ಹೆಚ್ಚುತ್ತ ಹೋಯಿತು. ನಿಂತಿದೆಯಲ್ಲ, ಇನ್ನೇನು ಭಯ ಎಂದು ಅವನು ತನಗೆ ತಾನೇ ಹೇಳಿಕೊಂಡ.

ಗೃಹಪ್ರವೇಶದ ಬೆಳಗ್ಗೆ ಎಂಜಿನಿಯರ್ ಬೀದಿಯಲ್ಲಿ ನಡೆದು ಬರುತ್ತಿದ್ದ. ಮುದುಕಿ ಹೊಸ ಸೀರೆಯುಟ್ಟು ಬಾಲ್ಕನಿಯಲ್ಲಿ ಬಿಸಿಲಿಗೆ ಕೂತಿದ್ದಳು. ಅವನನ್ನು ಕಂಡಳು. ಎದ್ದು ಬಂದು ಮೋಟುಗೋಡೆಯ ಮೇಲೆ ಕೈಯೂರಿ ಬಗ್ಗಿದಳು. ಏನೋ ಕರೆಯಲು ಬಾಯಿ ತೆರೆದಳು.

ಅಷ್ಟೇ. ಒಂದು ಸೂಚನೆಯಿಲ್ಲ, ಒಂದು ಸದ್ದಿಲ್ಲ. ಬಾಲ್ಕನಿ ಗೋಡೆಯ ಬಳಿ ಮುರಿದು ಇಡಿಯಾಗಿ ಕೆಳಕ್ಕೆ ಜೋತಿತು. ಮುದುಕಿ, ಹಾಸುಗಲ್ಲು, ಮೋಟುಗೋಡೆ ಎಲ್ಲವೂ ಎಂಜಿನಿಯರ್‌ನ ಕಾಲ ಬಳಿ ಬಂದು ಬಿದ್ದವು. ಆಕೆಯನ್ನು ಎತ್ತಿದಾಗ ಉಸಿರಿರಲಿಲ್ಲ.

ವ್ಯಾಪಾರಿ ಓಡಿ ಬಂದ. ಎಂಜಿನಿಯರ್‌ನ ಕೊರಳಪಟ್ಟಿ ಹಿಡಿದ. “ಕಬ್ಬಿಣ ತಿಂದ್ಯೇನೋ! ಕಬ್ಬಿಣ ತಿಂದು ನಮ್ಮವ್ವನ್ನ ಕೊಂದ್ಯೇನೋ!” ಎಂದು ಅರಚಿದ. ಆಳುಗಳನ್ನು ಕರೆದು, ಜೋತಾಡುತ್ತಿದ್ದ ಬಾಲ್ಕನಿಯನ್ನು ಅಲ್ಲೇ ಒಡೆಸಿದ. ಸುತ್ತಿಗೆಯ ಏಟಿಗೆ ಕಾಂಕ್ರೀಟು ಉದುರಿತು, ಕಂಬಿ ಕಂಡಿತು. ಒಂದೂ ಕಡಿಮೆ ಇರಲಿಲ್ಲ. ದಪ್ಪವೂ ಹೇಳಿದಷ್ಟೇ ಇತ್ತು. ಎಲ್ಲವೂ ತಳಕ್ಕೆ ಅಂಟಿಕೊಂಡು ಮಲಗಿದ್ದವು. ಅದರ ಅರ್ಥ ಅಲ್ಲಿದ್ದವರಲ್ಲಿ ಎಂಜಿನಿಯರ್ ಒಬ್ಬನಿಗೇ ಗೊತ್ತಿತ್ತು.

ವ್ಯಾಪಾರಿಯ ಕೈ ಸಡಿಲವಾಯಿತು. ಅವನು ಎಲ್ಲರ ಎದುರಿಗೆ ಎಂಜಿನಿಯರ್‌ನ ಕಾಲು ಹಿಡಿದ. “ತಪ್ಪಾಯ್ತು ಸ್ವಾಮಿ. ನಿಮ್ಮಂಥವರ ಮೇಲೆ ಅನುಮಾನ ಪಟ್ಟೆ. ನಮ್ಮವ್ವನ ಹಣೇಬರ, ನೀವೇನು ಮಾಡ್ತೀರಿ” ಎಂದು ಅತ್ತ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ.

“ಆಗಲಾದರೂ ಅವನು ನಿಜ ಹೇಳಿದನೇ, ಗುರುಗಳೇ?”

“ಇಲ್ಲ. ಅದಕ್ಕೇ, ಅದೇ ಜಾಗದಲ್ಲಿ ಮತ್ತೆ ಬಾಲ್ಕನಿ ಹಾಕಿದ ದಿನ, ವ್ಯಾಪಾರಿ ತನ್ನ ಮಕ್ಕಳನ್ನೆಲ್ಲ ಕಂಬಿಯ ಮೇಲೆ ನಿಲ್ಲಿಸಿ ಪೂಜೆ ಮಾಡಿಸಿದ.”