ಹಾಸಿಗೆ ನೋಡಲು ಹೋದ ನಾಲ್ವರು

ಈ ಕಥೆಯಲ್ಲಿ ಗುರುವಿದ್ದಾನೆ, ಶಿಷ್ಯನಿದ್ದಾನೆ, ಹೊಳೆಯೂ ಇದೆ. ಆಶ್ರಮ ಮಾತ್ರ ಇಲ್ಲ. ಕಥೆ ನಡೆದದ್ದು ಹಳೆಯ ಇಂಗ್ಲೆಂಡಿನಲ್ಲಿ, ಗುರು ಒಬ್ಬ ಸರದಾರ.

ಅವನ ಹೆಸರು ಓಸ್ಬರ್ಟ್. ಅರಸನ ಕೈಯಿಂದಲೇ ಕತ್ತಿ ಪಡೆದವನು. ಅವನು ಅದನ್ನು ಹಿರಿದದ್ದು ಕಂಡವರು ಮಾತ್ರ ಆ ಸೀಮೆಯಲ್ಲಿ ಯಾರೂ ಉಳಿದಿರಲಿಲ್ಲ. ಸೇತುವೆ ಗಟ್ಟಿಯಿದೆಯೇ ನೋಡುವುದು, ಗಡಿಕಲ್ಲು ಸರಿದಿದೆಯೇ ಅಳೆಯುವುದು, ನ್ಯಾಯಸ್ಥಾನದಲ್ಲಿ ನಿಂತು ಕಂಡದ್ದು ನುಡಿಯುವುದು, ಇದರಲ್ಲೇ ಅವನ ಆಯುಷ್ಯ ಸವೆದಿತ್ತು. ಸಂಬಳ ಇರಲಿಲ್ಲ. ಹಾಡಿ ಹೊಗಳುವವರೂ ಇರಲಿಲ್ಲ.

ಶಿಷ್ಯ ವಾರಿನ್ ಆಗತಾನೆ ಸರದಾರನಾಗಿದ್ದ.

"ಗುರುಗಳೇ, ನಾವು ಕತ್ತಿ ಹಿರಿಯುವುದು ಯಾವಾಗ?"

"ಹಗ್ಗ ಗಂಟುಬಿದ್ದಾಗ."

ಒಂದು ದಿನ ನ್ಯಾಯಸ್ಥಾನದಿಂದ ಅಪ್ಪಣೆ ಬಂತು. ಥರ್ಸ್ಟನ್ ಎಂಬ ಮುದುಕನ ಹೊಲ ತನ್ನದೆಂದು ನೆರೆಯವನು ದಾವೆ ಹೂಡಿದ್ದ. ಹಾಸಿಗೆ ಹಿಡಿದಿದ್ದೇನೆ, ವಿಚಾರಣೆಗೆ ಬರಲಾರೆ ಎಂದು ಮುದುಕ ಹೇಳಿಕಳಿಸಿದ್ದ.

ಹೀಗೆ ಹೇಳಿಕಳಿಸಿದವರ ಮನೆಗೆ ನಾಲ್ವರು ಸರದಾರರು ಹೋಗಿ ನೋಡಿಬರುವುದು ಅಲ್ಲಿನ ಪದ್ಧತಿ. ಹಾಸಿಗೆಯಲ್ಲಿ ಕಂಡರೆ ಒಂದು ವರ್ಷದ ಗಡುವು. ಎದ್ದು ನಿಂತದ್ದು ಕಂಡರೆ ರೋಗ ಸುಳ್ಳು, ಹೊಲ ಎದುರಾಳಿಗೆ.

ಕಂಡದ್ದನ್ನು ಕಂಡಂತೆ ಹೇಳುತ್ತೇವೆಂದು ನಾಲ್ವರೂ ಪ್ರಮಾಣ ಮಾಡಿ ಹೊರಟರು. ಓಸ್ಬರ್ಟ್, ವಾರಿನ್, ಮತ್ತೆ ಊಟದ ಹೊತ್ತಿಗೆ ವಾಪಸಾಗುವ ಆಸೆಯಿದ್ದ ಇಬ್ಬರು.

ಹೊಳೆ ದಾಟಿದ್ದೇ ತಡ, ಓಸ್ಬರ್ಟ್ ಕುದುರೆಯಿಂದಿಳಿದ. ಗೊರಸು ಎತ್ತಿ ನೋಡಿದ. ಕುದುರೆಯನ್ನು ಬೈದ. ಕುದುರೆ ಏನೂ ತಪ್ಪು ಮಾಡಿರಲಿಲ್ಲ, ಆದರೂ ಅರ್ಧ ಕಣಿವೆಗೆ ಕೇಳುವಂತೆ ಬೈದ. ಸ್ವಲ್ಪ ದೂರ ಹೋಗಿ ಮತ್ತೆ ಇಳಿದ. ಈ ಸಲ ಹಾಡಿದ. ಅದಕ್ಕಿಂತ ಬೈದದ್ದೇ ಚೆನ್ನಾಗಿತ್ತು.

"ಗುರುಗಳೇ, ಹೀಗೆ ಹೋದರೆ ನಾವು ತಲುಪುವಷ್ಟರಲ್ಲಿ ರೋಗಿ ವಾಸಿಯಾಗಿರುತ್ತಾನೆ."

"ಆಗಲಿ, ಪಾಪ. ಒಳ್ಳೆಯದೇ ಅಲ್ಲವೇ?"

ಹಿಂದಿನಿಂದ ಒಬ್ಬ ಸರದಾರ ನಕ್ಕ. "ಮುದುಕರ ಜೊತೆ ಬಂದರೆ ಇದೇ ಗತಿ, ತಮ್ಮಾ. ನಿನ್ನ ಕುದುರೆಗಾದರೂ ಹರೆಯವಿದೆ, ನೀನು ನಡೆ."

ವಾರಿನ್ ನಡೆದೇಬಿಟ್ಟ. ಓಸ್ಬರ್ಟ್ ಕೂಗಿದ್ದು ಅವನಿಗೆ ಕೇಳಿಸಿತು. ಕೇಳಿಸದವನಂತೆ ಕುದುರೆ ಓಡಿಸಿದ.

ಮೆತ್ತನೆಯ ಹುಲ್ಲಿನ ಮೇಲೆ ಗೊರಸಿನ ಸದ್ದೂ ಆಗಲಿಲ್ಲ. ವಾರಿನ್ ಬಾಗಿಲು ತಳ್ಳಿದ.

ಥರ್ಸ್ಟನ್ ನಿಂತಿದ್ದ. ಬರಿಗಾಲು. ಒಂದು ಕೈ ಗೋಡೆಯ ಮೇಲೆ, ಇನ್ನೊಂದರಲ್ಲಿ ಖಾಲಿ ಹೂಜಿ. ಕಾಲುಗಳು ಬಾತು ಕೊರಡಿನಂತಾಗಿದ್ದವು. ಅವನು ವಾರಿನ್‌ನ ಮುಖ ನೋಡಲಿಲ್ಲ, ಸೊಂಟದ ಕತ್ತಿ ನೋಡಿದ.

"ಬಂದೇಬಿಟ್ಟಿರಾ," ಎಂದ. ಹೂಜಿ ಬಿತ್ತು. ಹಿಂದೆಯೇ ಅವನೂ ಬಿದ್ದ.

ವಾರಿನ್ ಅವನನ್ನು ಎತ್ತಿ ಹಾಸಿಗೆಯಲ್ಲಿ ಮಲಗಿಸಿದ. ಭಾರವೇ ಇರಲಿಲ್ಲ. ಬಾವಿಯಿಂದ ನೀರು ತಂದು ಕುಡಿಸಿದ.

"ದೂರದಿಂದಲೇ ಸದ್ದು ಕೇಳುತ್ತದೆ ಅಂದಿದ್ದರು ಊರವರು," ಎಂದ ಮುದುಕ. "ಓಸ್ಬರ್ಟ್ ಒಡೆಯರು ಬರುವುದಾದರೆ ಹಾಡಿಕೊಂಡು ಬರುತ್ತಾರೆ, ಹೆದರಬೇಡ ಅಂದಿದ್ದರು."

ಗುರು ದಾರಿಯುದ್ದಕ್ಕೂ ಸದ್ದು ಮಾಡಿದ್ದು ಯಾಕೆಂದು ವಾರಿನ್‌ಗೆ ಆಗ ತಿಳಿಯಿತು. ಕಣಿವೆಯ ಕೆಳಗಿನಿಂದ ಹಾಡು ಈಗಷ್ಟೇ ಕೇಳಿಬರುತ್ತಿತ್ತು.

ಮೂವರೂ ಬಂದರು. ಹಾಸಿಗೆಯಲ್ಲಿದ್ದ ರೋಗಿಯನ್ನು ನೋಡಿದರು. ಓಸ್ಬರ್ಟ್ ನೆಲದ ಮೇಲಿನ ಹೂಜಿಯ ಚೂರುಗಳನ್ನೂ ನೋಡಿದ. ಶಿಷ್ಯನನ್ನು ಹೊರಗೆ ಕರೆದ.

"ಎದ್ದಿದ್ದನೇ?"

"ನೀರಿಗೆ ಎದ್ದಿದ್ದ."

"ಯಾತಕ್ಕೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ."

ಅದು ನಿಜ. ರೋಗಿಗೆ ಬಾಯಾರಿದರೆ ಏನು ಮಾಡಬೇಕೆಂದು ಆ ಕಾನೂನಿನಲ್ಲಿ ಇರಲಿಲ್ಲ. ಆ ಕಾನೂನು ಮಾಡಿದವರಿಗೆ ನೀರು ತಂದುಕೊಡುವವರಿದ್ದರು.

"ನಾನು ನೋಡಲಿಲ್ಲ ಅಂದುಬಿಡುತ್ತೇನೆ."

"ಪ್ರಮಾಣ ಮಾಡಿದ್ದೀಯ."

"ನೀವು ಇಷ್ಟು ವರ್ಷದಲ್ಲಿ ಒಂದು ಸುಳ್ಳೂ ಹೇಳಿಲ್ಲವೇ?"

"ಹೇಳುವ ಹಾಗೆ ಆಗದಿರಲಿ ಅಂತಲೇ ಮಗೂ, ಆ ಕುದುರೆಯನ್ನು ಅಷ್ಟು ಬೈಯುವುದು."

"ಈಗ ನಾನೇನು ಹೇಳಲಿ?"

"ನೀನು ಕಂಡದ್ದನ್ನು ನಾನು ಕಂಡಿಲ್ಲ," ಎಂದು ಓಸ್ಬರ್ಟ್ ಕುದುರೆ ಏರಿದ.

ನ್ಯಾಯಸ್ಥಾನದಲ್ಲಿ ಮೂವರು ಒಂದೇ ಮಾತು ಹೇಳಿದರು: ಹಾಸಿಗೆಯಲ್ಲಿದ್ದ, ರೋಗ ನಿಜ. ನ್ಯಾಯಾಧೀಶ ವಾರಿನ್ ಕಡೆ ತಿರುಗಿದ.

"ಮೊದಲು ಒಳಗೆ ಹೋದವನು ನೀನಂತೆ. ಆಗ ಅವನು ಎಲ್ಲಿದ್ದ?"

ವಾರಿನ್ ಗುರುವಿನತ್ತ ನೋಡಿದ. ಓಸ್ಬರ್ಟ್ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

"ಸ್ವಾಮಿ, ಅವನ ಕಾಲು ಬಾತಿತ್ತು. ನೀರು ಕೊಡುವವರು ಮನೆಯಲ್ಲಿ..."

"ಕೇಳಿದ್ದು ಅದಲ್ಲ. ಮಲಗಿದ್ದನೋ, ನಿಂತಿದ್ದನೋ?"

ಮಲಗಿದ್ದ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಅದರ ಹಿಂದೆಯೇ ಪ್ರಮಾಣವೂ ಬಂತು.

"ನಿಂತಿದ್ದ."

ಹೊಲ ನೆರೆಯವನದಾಯಿತು, ಅದರಲ್ಲಿದ್ದ ಮನೆ, ಬಾವಿ ಸಮೇತ.

ವಾರಿನ್ ಗಾಡಿ ತೆಗೆದುಕೊಂಡು ಥರ್ಸ್ಟನ್ ಮನೆಗೆ ಹೋದ. "ನಮ್ಮ ಮನೆಗೆ ಬನ್ನಿ, ಅಜ್ಜಾ. ಬೆಂಕಿಯ ಪಕ್ಕದ ಕೋಣೆ ನಿಮಗೇ."

"ನಿಮ್ಮ ಮನೆಯಲ್ಲಿ ನೀರಿಗೆ ನಾನು ಏಳಬೇಕಾಗಿಲ್ಲ, ಗೊತ್ತು ಒಡೆಯಾ," ಎಂದ ಮುದುಕ. "ಆದರೆ ಅದು ನನ್ನ ಬಾವಿಯದಲ್ಲ."

ಮಠದವರು ಅವನನ್ನು ಧರ್ಮಶಾಲೆಗೆ ಒಯ್ದರು. ಮೊದಲ ಹಿಮ ಬೀಳುವ ಮುಂಚೆ ಅಲ್ಲೇ ತೀರಿಹೋದ.

ಮಣ್ಣು ಮಾಡಿದ ಮರುದಿನ ವಾರಿನ್ ಹೊಳೆಗೆ ಬಂದ. ಓಸ್ಬರ್ಟ್ ಸೇತುವೆಯ ಕೆಳಗೆ ಮೊಣಕಾಲುಮಟ್ಟ ನೀರಿನಲ್ಲಿ ನಿಂತು ಕಂಬಗಳನ್ನು ಒಂದೊಂದಾಗಿ ತಟ್ಟಿ ನೋಡುತ್ತಿದ್ದ.

ಶಿಷ್ಯ ಸೊಂಟದ ಕತ್ತಿ ಬಿಚ್ಚಿ ದಂಡೆಯ ಮೇಲಿಟ್ಟ.

"ಸನ್ಯಾಸಿಯಾಗಿ ಮಠ ಸೇರುತ್ತೇನೆ, ಗುರುಗಳೇ."

"ಸತ್ಯವನ್ನೇ ಹೇಳಿದೆಯಲ್ಲ?"

"ಹೇಳಿದೆ. ಒಬ್ಬನ ನೆಲ ಹೋಯಿತು, ಜೀವ ಹೋಯಿತು. ಇನ್ನೊಬ್ಬರ ಬಾಗಿಲಿಗೆ ಯಾವ ಮುಖ ಹೊತ್ತು ಹೋಗಲಿ? ಮಠದಲ್ಲಿದ್ದರೆ ನನ್ನಿಂದ ಯಾರಿಗೂ ಕೇಡಿಲ್ಲ."

ಓಸ್ಬರ್ಟ್ ಮುಂದಿನ ಕಂಬ ತಟ್ಟಿದ. ಕಿವಿಯಿಟ್ಟು ಕೇಳಿದ.

"ಕಾಡಂಚಿನ ಊರಿನಲ್ಲಿ ಒಬ್ಬ ವಿಧವೆ ಹಾಸಿಗೆ ಹಿಡಿದಿದ್ದಾಳಂತೆ. ನಾಳೆ ನಾಲ್ವರು ಹೋಗಬೇಕು."

"ನನ್ನ ಬದಲು ಬೇರೆ ಯಾರನ್ನಾದರೂ ಕಳಿಸಲಿ."

"ಕಳಿಸುತ್ತಾರೆ," ಎಂದ ಓಸ್ಬರ್ಟ್. "ಇನ್ನೂ ಯಾರಿಗೂ ಕೇಡು ಮಾಡಿರದವನೊಬ್ಬನನ್ನು ಹುಡುಕಿ ಕಳಿಸುತ್ತಾರೆ."