ಅಧ್ಯಕ್ಷರ ಕೈಲಿದ್ದ ಲೋಟ

ಸಂಘದ ಅಧ್ಯಕ್ಷ ವೀರಭದ್ರಪ್ಪನವರಿಗೆ ಗೋಡೆಗೆ ಹಾಕಲು ಒಂದು ಫೋಟೊ ಬೇಕಿತ್ತು. ಎರಡು ಸಲ ತೆಗೆದರೂ ಮಸುಕು ಮಸುಕು.

"ನಿನ್ನ ಲೆನ್ಸೇ ಸರಿಯಿಲ್ಲ ಕಣಮ್ಮ," ಎಂದು ಅವರು ಫೋಟೊಗ್ರಾಫರ್ ಪದ್ದಕ್ಕನ ಮೇಲೆ ಗುಡುಗಿದರು. "ಅಲುಗಾಟ ತಡೆಯೋ ಸ್ಟೆಬಿಲೈಸರ್ ಲೆನ್ಸ್ ತಗೊಂಡು ಬಾ. ಇಲ್ಲಾಂದ್ರೆ ಸಂಘದ ಕೆಲಸ ಬೇರೆ ಸ್ಟುಡಿಯೋಗೆ."

ಆ ಲೆನ್ಸ್ ತಡೆಯುವುದು ಕ್ಯಾಮೆರಾ ಹಿಡಿದವರ ಕೈ ನಡುಕವನ್ನು. ಪದ್ದಕ್ಕನ ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಬಂಡೆಯಂತೆ ನಿಂತಿತ್ತು. ಅಲುಗುತ್ತಿದ್ದದ್ದು ಅಧ್ಯಕ್ಷರ ಕಾಲು! ಕೂತರೆ ಸಾಕು, ಹೊಲಿಗೆ ಮಿಷನ್ ತುಳಿದ ಹಾಗೆ ಕುಣಿಯುತ್ತಿತ್ತು. ಮೈಯೂ ಜೊತೆಗೆ ತೂಗುತ್ತಿತ್ತು. ಅದನ್ನು ಅವರ ಮುಖಕ್ಕೇ ಹೇಳುವ ಧೈರ್ಯ ಯಾರಿಗಿದೆ?

"ಆಗಲಿ ಸಾರ್," ಎಂದಳು ಪದ್ದಕ್ಕ.

ಮರುದಿನ ಬಂದವಳೇ, ಕಂಠಮಟ್ಟ ಬಿಸಿ ಕಾಫಿ ತುಂಬಿದ ಲೋಟವನ್ನು ಅವರ ಕೈಗಿಟ್ಟಳು. "ತೊಡೆ ಮೇಲೆ ಹಿಡ್ಕೊಂಡು ಕೂತ್ಕೊಳ್ಳಿ ಸಾರ್. ಆ ಗತ್ತೇ ಬೇರೆ."

ಲೋಟದ ಕೆಳಗೆ ಹಾಲಿನಂಥ ಜರಿ ಪಂಚೆ. ಅಧ್ಯಕ್ಷರು ಉಸಿರೂ ಬಿಡಲಿಲ್ಲ. ಕಾಲು ಕಲ್ಲಾಯಿತು.

ಪದ್ದಕ್ಕ ಕ್ಯಾಮೆರಾದಲ್ಲೇ ಫೋಟೊ ತೋರಿಸಿದಳು. ಮೀಸೆಯ ಒಂದೊಂದು ಕೂದಲೂ ಎಣಿಸುವಂತಿತ್ತು.

ಅಧ್ಯಕ್ಷರು ಬೀಗಿದರು. "ನೋಡಿದ್ಯಾ, ಸ್ಟೆಬಿಲೈಸರ್ ಅಂದ್ರೆ ಇದು!"

"ಲೆನ್ಸ್ ಹಳೇದೇ ಸಾರ್. ಸ್ಟೆಬಿಲೈಸರ್ ನಿಮ್ಮ ಕೈಲೇ ಇದೆ. ಆರೋದಕ್ಕೆ ಮುಂಚೆ ಕುಡಿದುಬಿಡಿ."