ಇರುವೆಯಜ್ಜಿಯ ಸೆರಗಿನ ಗಂಟು

ಬಲು ಹಿಂದೆ, ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಲ್ಲು ಮೂಡದಿದ್ದ ಕಾಲದಲ್ಲಿ, ಹೊಳೆಯಂಚಿಗೆ ಒಂದೂರಿತ್ತಂತೆ. ಊರ ತುಂಬ ಆಲೆಮನೆ. ಅಲ್ಲಿ ಮದುವೆಗೂ ಬೆಲ್ಲ, ಮುನಿಸು ತೀರಿದರೂ ಬೆಲ್ಲ. ಕಾಯಿಲೆಯವರನ್ನು ನೋಡಲು ಹೋದವರು ಅವರ ಬಾಯಿಗೆ ಒಂದು ಚೂರು ಬೆಲ್ಲ ಇಡದೆ ಬಂದರೆ, ಅವರಿಗೆ ಪ್ರೀತಿಯೇ ಇಲ್ಲ ಎನ್ನುತ್ತಿದ್ದರಂತೆ.

ಆ ಊರಲ್ಲಿ ಮದ್ದು ಕೊಡುವ ಚಿಕ್ಕತಾಯಮ್ಮ ಅಂತ ಒಬ್ಬಳಿದ್ದಳು. ನಾಲಿಗೆ ಬೇವಿಗಿಂತ ಕಹಿ, ಮನಸ್ಸು ಮಾತ್ರ ಬೆಣ್ಣೆ. ಸಿಹಿಮೂತ್ರದ ಕಾಯಿಲೆಯವರು ಬಂದರೆ ಅವಳು ನಾಡಿ ಹಿಡಿಯುತ್ತಿರಲಿಲ್ಲವಂತೆ. ಅವರು ಉಚ್ಚೆ ಹೊಯ್ದ ಜಾಗಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತು ಇರುವೆ ನೋಡುತ್ತಿದ್ದಳಂತೆ. ಇರುವೆ ಮುತ್ತಿದರೆ ಕಹಿ ಕಷಾಯ ಹೆಚ್ಚು, ಮುತ್ತದಿದ್ದರೆ ಕಡಿಮೆ. ಇರುವೆಗಳು ಅವಳ ಕಿವಿಯಲ್ಲಿ ಮಾತಾಡುತ್ತಿದ್ದವು ಅಂತಲೂ ಹೇಳುತ್ತಾರೆ. ಇರಲಿ, ನಾನೇನು ಕಂಡೆನೇ? ಊರವರಂತೂ ಅವಳನ್ನು ಇರುವೆಯಜ್ಜಿ ಎಂದೇ ಕರೆದರು.

ಒಂದು ವರ್ಷ ಉಸಿರು ಕಟ್ಟುವ ಜ್ವರ ಬಂತಂತೆ. ಮನೆಯಿಂದ ಮನೆಗೆ ಹರಡಿತು. ಬೆಲ್ಲದ ಪಾಕ ಹದ ನೋಡುವ ಜವರಪ್ಪನೂ ಮಲಗಿದ. ಅವನಿಗೆ ಮೊದಲೇ ಸಿಹಿಮೂತ್ರ. ಅನ್ನ ಬೇಡ, ಗಂಜಿ ಬೇಡ, ಬರೀ ನೀರು ನೀರು ಎನ್ನುತ್ತಿದ್ದನಂತೆ. ಹೆಂಡತಿ ಪುಟ್ಟಮಾದಮ್ಮ ಹೆದರಿದಳು. ಏನೂ ತಿನ್ನದವನಿಗೆ ಸಿಹಿ ಎಲ್ಲಿಂದ ಏರೀತು, ಸೊರಗಿ ಸತ್ತಾನು ಎಂದು ನೆರೆಹೊರೆಯವರು ಪಾನಕ ತಂದರು, ಬೆಲ್ಲ ತಂದರು. ಪ್ರೀತಿಗೇನು ಬುದ್ಧಿ ಇರುತ್ತದೆಯೇ? ಒಬ್ಬರಾದ ಮೇಲೆ ಒಬ್ಬರು ಬಾಯಿಗಿಟ್ಟರು. ಜವರಪ್ಪನ ಮಾತು ತೊದಲತೊಡಗಿತು.

ಇರುವೆಯಜ್ಜಿ ಬಂದು ಹಿತ್ತಲು ನೋಡಿದಳಂತೆ. ಕರಿ ಕಂಬಳಿ ಹಾಸಿದ ಹಾಗೆ ಇರುವೆ. ಬೆಲ್ಲ ತಂದವರನ್ನೆಲ್ಲ ಆಚೆ ಅಟ್ಟಿದಳು. ಉಣ್ಣದಿದ್ದರೂ ಜ್ವರವೇ ಮೈಯೊಳಗೆ ಆಲೆಮನೆ ಹೂಡುತ್ತದೆ, ನೀವು ಅದಕ್ಕೆ ಕಬ್ಬು ಹೊರುತ್ತಿದ್ದೀರಿ ಎಂದು ಬೈದಳು. ಮನೆಯ ಬೆಲ್ಲವನ್ನೆಲ್ಲ ಹೊರಗೆ ಹಾಕಿಸಿ ಬಾಗಿಲಲ್ಲಿ ತಾನೇ ಕೂತಳು. ಗುಟುಕು ಗುಟುಕು ನೀರು, ಉಪ್ಪು ಹಾಕಿದ ತಿಳಿಗಂಜಿ, ಕಹಿ ಕಷಾಯ. ಹೊತ್ತುಹೊತ್ತಿಗೂ ಹಿತ್ತಲಿಗೆ ಹೋಗಿ ಇರುವೆ ನೋಡಿ ಬರುವಳು. ಮುದುಕಿಗೆ ತಲೆ ಕೆಟ್ಟಿದೆ, ಸಾಯುವವನ ಬಾಯಿಗೂ ಬೆಲ್ಲ ಬಿಡಳು ಎಂದು ಊರೇ ಶಪಿಸಿತಂತೆ.

ಕೊನೆಗೂ ಜ್ವರ ಇಳಿಯಿತು. ಪುಟ್ಟಮಾದಮ್ಮನಿಗೆ ಹೋದ ಜೀವ ಬಂದಂತಾಯಿತು. ಆ ಸಂತೋಷದಲ್ಲಿ, ಒಳ್ಳೆಯದು ಇನ್ನಷ್ಟು ಹೋಗಲಿ ಎಂದು, ಅಜ್ಜಿಗೆ ಹೇಳದೆ ಗಂಡನಿಗೆ ಇನ್ನೊಂದು ಲೋಟ ಕಷಾಯ ಕುಡಿಸಿದಳು. ಮಟಮಟ ಮಧ್ಯಾಹ್ನ ಜವರಪ್ಪನ ಮೈ ತಣ್ಣಗಾಗಿ ಬೆವರಿತು. ಕೈ ನಡುಗಿತು. ಹೆಂಡತಿಯ ಗುರುತೇ ಸಿಗಲಿಲ್ಲ. ಅವಳು ಗೋಳಿಟ್ಟಳು. ಅಜ್ಜಿ ಹಿತ್ತಲಿಗೆ ಓಡಿದಳು. ಅಲ್ಲಿ ಒಂದು ಇರುವೆಯೂ ಇರಲಿಲ್ಲ.

ಒಳಗೆ ಬಂದು ಅವಳು ಅಂದದ್ದು ಇಷ್ಟೇ: "ಬಾಯ್ ತಗೀಲಾ ಜವರ. ಈಗ ಬೆಲ್ಲನೇ ಮದ್ದು."

ಮನೆಯಲ್ಲಿ ಬೆಲ್ಲದ ಚೂರಿಲ್ಲ. ಅಜ್ಜಿ ತನ್ನ ಸೆರಗಿನ ಗಂಟು ಬಿಚ್ಚಿದಳಂತೆ. ಅದರಲ್ಲಿತ್ತು. ಬಾಗಿಲಲ್ಲಿ ಕೂತು ಊರವರ ಬೈಗುಳ ತಿನ್ನುವಾಗಲೂ ಅದು ಅಲ್ಲೇ ಇತ್ತು. ಪುಡಿ ಮಾಡಿ ಒಸಡಿಗೆ ತಿಕ್ಕಿದಳು. ಜವರಪ್ಪ ಮೆಲ್ಲಗೆ ಚಪ್ಪರಿಸಿದ, ಕಣ್ಣು ಬಿಟ್ಟ, "ಪಾಕ ವಸಿ ಸೀದದೆ ಕಣಜ್ಜಿ" ಅಂದನಂತೆ. ಅಜ್ಜಿ ಅತ್ತದ್ದನ್ನು ಊರು ಕಂಡದ್ದು ಆವತ್ತೊಂದೇ ಸಲ.

ಈಗ ಆ ಊರಿಗೂ ಬೆರಳು ಚುಚ್ಚಿ ನೋಡುವ ಯಂತ್ರ ಬಂದಿದೆ. ಆದರೂ ಜ್ವರದವರನ್ನು ನೋಡಲು ಹೋಗುವ ಹೆಂಗಸರು ಸೆರಗಿಗೆ ಬೆಲ್ಲ ಕಟ್ಟಿಕೊಂಡೇ ಹೋಗುತ್ತಾರೆ. ಹೊಸಿಲಾಚೆ ನಿಂತು, "ಇರುವೆ ಏನಂದ್ವು?" ಎಂದು ಕೇಳುತ್ತಾರೆ. ಉತ್ತರ ಬರುವ ತನಕ ಗಂಟು ಬಿಚ್ಚುವುದಿಲ್ಲ.